ಪ್ರೆಸ್ಸಿನ ಒಂದೇ ಚಾವಿ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನಾನು ಅಮರಗೋಳದ ಕಾರ್ಖಾನೆಗೆ ಹೋದೆ. ಅಲ್ಲಿ ತಗಡು ಒತ್ತುವ ಪ್ರೆಸ್ಸಿನೊಳಗೆ ಕೈ ಹಾಕುವವರು ಅದರ ಒಂದೇ ಚಾವಿಯನ್ನು ಸೂಪರ್‌ವೈಸರ್ ಮಕ್ತುಮಸಾಬ ಕಾಕಾರಿಂದ ಇಸಿದುಕೊಂಡು ಕಿಸೆಯಲ್ಲಿಟ್ಟುಕೊಳ್ಳುತ್ತಾರೆ. ಆಗ ಯಂತ್ರವನ್ನು ಯಾರೂ ಓಡಿಸಲಾರರು. ಪ್ರೆಸ್ಸು ಗಂಡನ ತಲೆ ಜಜ್ಜಿದಾಗಲೂ ಚಾವಿ ಗಂಡನ ಕಿಸೆಯಲ್ಲೇ ಇತ್ತು. ಅದನ್ನು ಕಾಕಾರಿಗೆ ಹಿಂದಿರುಗಿಸಲು ತಂದಿದ್ದೆ.

ಕಾಕಾ ಪ್ರೆಸ್ಸಿನೊಳಗೆ ಬಲಗೈ ಹಾಕಿ ಒರೆಸುತ್ತಿದ್ದರು. ಮೂರು ದಿನದಿಂದ ನಿಂತ ಕಬ್ಬಿಣ ಜ್ವರದ ಮೈಯಂತೆ ಬೆಚ್ಚಗಿತ್ತು. ಪ್ರೆಸ್ಸಿನ ಪ್ರತಿ ಏಟನ್ನೂ ತಾನೇ ಎಣಿಸುವ ಗೋಡೆಯ ಬೋರ್ಡಿನಲ್ಲಿ ದಿನದ ಉತ್ಪಾದನೆ ಸೊನ್ನೆ.

“ಕಾಕಾ, ಕೈ ಹೊರಗ ತಗೀರಿ!”

“ಇಷ್ಟು ಸಾಲಿ ಕಲ್ತಾಕಿ, ನೀನೂ ಅಂಜತೀಯೇನವಾ? ಚಾವಿ ನಿನ್ನ ಕೈಯಾಗ ಐತಿ. ಇದು ಅಲುಗಂಗಿಲ್ಲ.”

ನಾನು ಚಾವಿಯನ್ನು ಬಿಗಿಯಾಗಿ ಹಿಡಿದೆ. ಪ್ರೆಸ್ಸು ಕಾಕಾರ ಬಲಗೈಯ ಮೇಲೆ ಬಿತ್ತು. ಎಲುಬು ಪುಡಿಯಾಗಿ ರಕ್ತ ನನ್ನ ಮುಖಕ್ಕೆ ಸಿಡಿಯಿತು. ಬೋರ್ಡಿನಲ್ಲಿ ಸೊನ್ನೆ ಹೋಗಿ ಒಂದು ಬಂತು.

ಚಾವಿಯನ್ನು ಕಾಕಾರ ಎಡಗೈಯಲ್ಲಿಟ್ಟೆ.