ಮೂವತ್ತೆಂಟನೇ ಮಹಡಿ

ಹನ್ನೊಂದು ದಿನದಿಂದ ಅವಳು ಮೂರ್ಛೆ ಬಿದ್ದಿದ್ದಳು. ಅವಳೆಂದರೆ ಅವಳಲ್ಲ, ಅಂಗೈ ಅಗಲದ ಗೇಮ್ ಡಬ್ಬಿಯೊಳಗಿನ ಅವಳ ಪುಟ್ಟ ನೀಲಿ ಮಾನ್‌ಸ್ಟರ್. ಆದರೆ ಹನ್ನೊಂದು ದಿನ ಕಾದವರಿಗೆ ಆ ವ್ಯತ್ಯಾಸ ಅಷ್ಟಾಗಿ ಉಳಿಯುವುದಿಲ್ಲ.

ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಡಬ್ಬಿ ಆನ್ ಮಾಡಿದರೆ ಅದೇ ಕಪ್ಪು ಪರದೆ, ಅದೇ ಸಾಲು: ‘ಮೂವತ್ತೆಂಟನೇ ಮಹಡಿ. ಸಹಾಯಕ್ಕಾಗಿ ಕಾಯಲಾಗುತ್ತಿದೆ.’ ಕೆಳಗೆ ಎರಡು ಆಯ್ಕೆ. ಒಂದು ‘ಕಾಯುವೆ’, ಇನ್ನೊಂದು ‘ಸೋತೆ’. ದಿನವೂ ಅವಳು ಹಲ್ಲು ಕಡಿಯುತ್ತ ಮೊದಲನೆಯದನ್ನೇ ಒತ್ತುತ್ತಿದ್ದಳು.

ಹಲ್ಲು ಕಡಿಯುವುದು ಅವಳಿಗೆ ಒಪ್ಪುವ ಕೆಲಸವೇ. ಆ ಕಟ್ಟಡದ ಮೊದಲ ಮಹಡಿಯಲ್ಲಿ ಕೃತಕ ಹಲ್ಲು ತಯಾರಿಸುವ ಲ್ಯಾಬಿತ್ತು, ಅವಳು ಅಲ್ಲಿನ ಟೆಕ್ನಿಷಿಯನ್. ಯಾರದೋ ಬಾಯಿಯ ಅಚ್ಚು ನೋಡಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಿ, ಒಂದು ಹೊಸ ದವಡೆ ಹಲ್ಲನ್ನು ಉಜ್ಜಿ ಉಜ್ಜಿ ನಿಜವಾಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕೆಳಗೆ ಕನ್ನಡಕದ ಅಂಗಡಿ. ಅದರ ಹಿಂಬದಿಯ ಕೋಣೆಯಲ್ಲಿ ಲೆನ್ಸ್ ಕತ್ತರಿಸಿ ಫ್ರೇಮಿಗೆ ಕೂರಿಸುವವನೇ ಈ ಹನ್ನೊಂದು ದಿನದ ಅಪರಾಧಿ.

ಮೊದಲು ಆಟದ ಮಾತು ಹೇಳಿಬಿಡಬೇಕು. ಹುಲ್ಲಿನಲ್ಲಿ ಅಡಗಿದ ಮಾನ್‌ಸ್ಟರ್‌ಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಆ ಪ್ರಸಿದ್ಧ ಗೇಮು ಎಲ್ಲರಿಗೂ ಗೊತ್ತಿರುವುದೇ. ಅವಳು ಆಡುತ್ತಿದ್ದುದು ಅದಲ್ಲ, ಅದರ ಬೆನ್ನಿಗೆ ಹುಟ್ಟಿದ ಕವಲು ಆಟ. ಇದರಲ್ಲಿ ಯಾರೂ ಯಾರನ್ನೂ ಹಿಡಿಯುವುದಿಲ್ಲ. ಆಡುವವರೇ ಒಂದು ಮಾನ್‌ಸ್ಟರ್ ಆಗಿ, ಜೊತೆಗೊಂದನ್ನು ಕಟ್ಟಿಕೊಂಡು, ನಲವತ್ತು ಮಹಡಿಯ ಗೋಪುರ ಹತ್ತಬೇಕು. ಇಬ್ಬರಲ್ಲಿ ಒಬ್ಬರು ಬಿದ್ದರೂ ಆಟ ನಿಲ್ಲುತ್ತದೆ. ಆಗ ‘ಸೋತೆ’ ಎಂದರೆ ಚೀಲದಲ್ಲಿ ಕೂಡಿಟ್ಟಿದ್ದೆಲ್ಲ ಹೋಯಿತು. ‘ಕಾಯುವೆ’ ಎಂದರೆ ಒಂದು ಉದ್ದದ ಕೋಡ್ ಬರುತ್ತದೆ. ಬೇರೆ ಯಾರಾದರೂ ಅದನ್ನು ತಮ್ಮ ಡಬ್ಬಿಗೆ ಹಾಕಿ, ಮೊದಲ ಮಹಡಿಯಿಂದ ಹತ್ತಿ ಬಂದು ನಿಮ್ಮನ್ನು ಎಬ್ಬಿಸಬೇಕು. ಒಂದು ಕೋಡಿಗೆ ಹತ್ತೇ ಪ್ರಯತ್ನ.

ಅವಳ ಬಳಿ ಕೋಡ್ ಕೊಡಲು ಇದ್ದವನು ಒಬ್ಬನೇ.

ಅವನ ಪರಿಚಯವಾದದ್ದು ಬೈಗುಳದಿಂದ. ಎರಡು ತಿಂಗಳ ಹಿಂದೆ ಅವಳು ಇದೇ ಮೆಟ್ಟಿಲ ಮೇಲೆ ಕೂತು, “ನಿನಗೆ ಬುದ್ಧಿ ಇದೆಯಾ? ನನ್ನ ಹಿಂದೆ ಬಾ ಅಂದ್ರೆ ಗೋಡೆ ಜೊತೆ ಗುದ್ದಾಡ್ತೀಯಲ್ಲೋ!” ಎಂದು ಪರದೆಗೆ ಬಯ್ಯುತ್ತಿದ್ದಾಗ, ಏಪ್ರನ್ ಕೊಡವಲು ಹೊರಬಂದಿದ್ದ ಅವನು ಬೆಚ್ಚಿ ನಿಂತಿದ್ದ.

“ನನಗಾ?”

“ಅಲ್ಲ, ಇವನಿಗೆ,” ಎಂದು ಅವಳು ಡಬ್ಬಿ ತೋರಿಸಿದಳು.

“ಓ, ಇದಾ? ಇದನ್ನ ಮುಗಿಸಿ ವರ್ಷ ಆಯ್ತು ನಾನು.”

ಹಾಗೆನ್ನುವಾಗ ಅವನ ಕಣ್ಣು ಪರದೆಯ ಮೇಲಿರಲಿಲ್ಲ, ಅವಳ ಹುಬ್ಬಿಗಂಟಿದ್ದ ಹಲ್ಲಚ್ಚಿನ ಪ್ಲಾಸ್ಟರ್ ಪುಡಿಯ ಮೇಲಿತ್ತು. ಅವಳು ಅದನ್ನು ಗಮನಿಸಿದಳು. ಗಮನಿಸಿಲ್ಲವೆಂಬಂತೆ ತಲೆ ತಗ್ಗಿಸಿದಳು. ಹುಬ್ಬನ್ನು ಮಾತ್ರ ಒರೆಸಿಕೊಳ್ಳಲಿಲ್ಲ.

ಅಂದಿನಿಂದ ಊಟದ ಬಿಡುವೆಂದರೆ ಮೆಟ್ಟಿಲು. ಅವನು ಅವಳನ್ನು ‘ಹಲ್ಲು ಮೇಡಂ’ ಎನ್ನುತ್ತಿದ್ದ, ಅವಳು ಅವನನ್ನು ‘ಕನ್ನಡಕದವರೇ’ ಎನ್ನುತ್ತಿದ್ದಳು. ಮೂವತ್ತೆಂಟರಲ್ಲಿ ಬಿದ್ದ ದಿನ ಕೋಡನ್ನು ಚೀಟಿಯಲ್ಲಿ ಬರೆದು ಕೊಟ್ಟಾಗ, ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗಿಟ್ಟು, “ನಾಳೆ ಊಟದ ಹೊತ್ತಿಗೆ ಎಬ್ಬಿಸಿಬಿಡ್ತೀನಿ,” ಎಂದಿದ್ದ.

ನಾಳೆ ಬಂತು, ಅವನು ಬರಲಿಲ್ಲ. ಮೆಟ್ಟಿಲಿಗೇ ಬರುವುದನ್ನು ಬಿಟ್ಟ. ಎದುರು ಸಿಕ್ಕರೆ, “ಸ್ವಲ್ಪ ಕೆಲಸ ಜಾಸ್ತಿ ಮೇಡಂ, ಆಗತ್ತೆ, ಆಗತ್ತೆ,” ಎಂದು ಜಾರಿಕೊಳ್ಳುತ್ತಿದ್ದ. ಮುಗಿಸಿ ವರ್ಷವಾದವನಿಗೆ ಮೂವತ್ತೆಂಟು ಮಹಡಿ ಯಾವ ಲೆಕ್ಕ? ಮನಸ್ಸಿಲ್ಲ, ಅಷ್ಟೇ. ಹಾಗಂದುಕೊಂಡಾಗಲೆಲ್ಲ ಅವಳ ಕೈಯಲ್ಲಿದ್ದ ಹಲ್ಲು ಒಂದು ಕೂದಲೆಳೆ ಹೆಚ್ಚು ಸವೆಯುತ್ತಿತ್ತು. ಆ ವಾರ ಮೂರು ಹಲ್ಲು ಮತ್ತೆ ಮಾಡಬೇಕಾಯಿತು.

“ಗಂಡು ನೋಡು ಅಂದ್ರೆ ಐದು ನಿಮಿಷ ಕೂರಲ್ಲ,” ಎಂದು ಗುರುವಾರ ರಾತ್ರಿ ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಗೊಣಗಿದಳು. “ಆ ಡಬ್ಬಿಯೊಳಗೆ ಬಿದ್ದಿರೋ ಕಪ್ಪೆಗೋಸ್ಕರ ಹನ್ನೊಂದು ದಿನ ಕಾಯ್ತೀಯ.”

“ಕಪ್ಪೆ ಅಲ್ಲ ಅಕ್ಕ.”

“ಏನಾದ್ರೂ ಆಗ್ಲಿ. ಸೋತೆ ಅಂತ ಒತ್ತು, ಪೀಡೆ ಕಳೀತು. ನಾಳೆ ನಾಲ್ಕು ಗಂಟೆಗೆ ಯಜಮಾನ್ರಿಗೆ ಉತ್ತರ ಹೇಳ್ಬೇಕು, ಅದರ ಯೋಚನೆ ಮಾಡು.”

ನಿಜವಾದ ಸಂಕಟ ಅದೇ. ಲ್ಯಾಬಿನ ಯಜಮಾನರು ದೂರದ ಇನ್ನೊಂದು ಊರಲ್ಲಿ ದೊಡ್ಡ ಲ್ಯಾಬ್ ತೆರೆಯುತ್ತಿದ್ದರು. ಅವಳೇ ಅದನ್ನು ನೋಡಿಕೊಳ್ಳಬೇಕೆಂದು ಅವರ ಆಸೆ. ದೊಡ್ಡ ಹುದ್ದೆ. ಆದರೆ ಹಲ್ಲು ಮಾಡುವ ಕೆಲಸವಲ್ಲ, ಹಲ್ಲು ಮಾಡುವವರನ್ನು ಕಾಯುವ ಕೆಲಸ. ಅವಳಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಬೇಡವೆನ್ನಲು ಗಟ್ಟಿ ಕಾರಣವೂ ಇರಲಿಲ್ಲ, ಒಂದನ್ನು ಬಿಟ್ಟರೆ. ಆ ಒಂದು ಕಾರಣಕ್ಕೆ ವಾರದ ಹಿಂದೆ ವಿಷಯ ತಿಳಿಸಿದಾಗ, ಅದು ಲೆನ್ಸ್ ಒರೆಸುತ್ತ, ತಲೆಯೆತ್ತದೆ, “ಒಳ್ಳೆ ಅವಕಾಶ. ಹೋಗ್ಬಿಡಿ ಮೇಡಂ,” ಎಂದಿತ್ತು.

ಹೋಗ್ಬಿಡಿ! ಬಸ್ಸಿಗೆ ದಾರಿ ಕೇಳಿದವರಿಗೆ ಹೇಳುವ ಹಾಗೆ.

ಅವತ್ತೇ ಅವಳು ಮನಸ್ಸಿನಲ್ಲಿ ಒಂದು ಗೆರೆ ಎಳೆದಿದ್ದಳು. ಶುಕ್ರವಾರ ನಾಲ್ಕರೊಳಗೆ ಅವನು ಬಂದು ಎಬ್ಬಿಸಿದರೆ ಇರುವುದು. ಇಲ್ಲದಿದ್ದರೆ ಹೊರಡುವುದು. ಹುಚ್ಚುತನವೆಂದು ಅವಳಿಗೂ ಗೊತ್ತಿತ್ತು. ಪ್ರೀತಿಯಲ್ಲಿ ಬಿದ್ದು ಹುಚ್ಚಾಟ ಆಡದವರು ಯಾರಾದರೂ ಇದ್ದರೆ ಅವರು ಅವಳನ್ನು ನೋಡಿ ನಗಲಿ.

ಶುಕ್ರವಾರ ಒಂದು ಗಂಟೆಗೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಕೋಡಿನ ಚೀಟಿಯನ್ನಾದರೂ ವಾಪಸ್ ಇಸಿದುಕೊಳ್ಳೋಣವೆಂದು ದಡದಡನೆ ಮೆಟ್ಟಿಲಿಳಿದು ಹಿಂಬದಿಯ ಕೋಣೆಗೆ ನುಗ್ಗಿದಳು.

ಲೆನ್ಸ್ ಕತ್ತರಿಸುವ ಮೆಷಿನ್ ಸುಮ್ಮನಿತ್ತು. ಅವನು ಅದರ ಮುಂದೆ ಮೈಯೆಲ್ಲ ಮುದುಡಿ ಕೂತಿದ್ದ, ಕೈಯಲ್ಲಿ ಗೇಮ್ ಡಬ್ಬಿ. ಕಣ್ಣು ಕೆಂಪಗಾಗಿದ್ದವು. ಅವಳನ್ನು ಕಂಡು ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

“ಕೊಡಿ ಇಲ್ಲಿ.”

“ಮೇಡಂ, ಬೇಡ.”

“ಕೊಡಿ ಅಂದೆ.”

ಕೊಟ್ಟ. ಅವಳು ನೋಡಿದಳು. ಇನ್ನೊಮ್ಮೆ ನೋಡಿದಳು. ಅವನ ಮಾನ್‌ಸ್ಟರ್ ಹತ್ತೊಂಬತ್ತನೇ ಲೆವೆಲ್ಲಿನಲ್ಲಿತ್ತು. ಆಟ ಮುಗಿಸಿದವರ ಲೆವೆಲ್ ಅಲ್ಲ ಅದು, ನಿನ್ನೆ ಮೊನ್ನೆ ಶುರುಮಾಡಿದವರದು.

“ಮುಗಿಸಿ ವರ್ಷ ಆಯ್ತು ಅಂದ್ರಿ!”

“ಅಂದೆ,” ಎಂದ ಅವನು ನೆಲ ನೋಡುತ್ತ. “ಅವತ್ತು ಸಂಜೆ ಹೋಗಿ ಸೆಕೆಂಡ್ ಹ್ಯಾಂಡ್ ಅಂಗಡೀಲಿ ತಗೊಂಡೆ. ನಿಮ್ಮ ಪಕ್ಕ ಕೂತ್ಕೊಳ್ಳೋಕೆ ಏನಾದ್ರೂ ಒಂದು ನೆಪ ಬೇಕಿತ್ತಲ್ಲ.”

ಅವಳು ಬಯ್ಯುವುದನ್ನು ಬಿಟ್ಟು ಕೋಣೆಯ ಬಾಗಿಲು ಮುಂದೆ ಮಾಡಿದಳು.

“ಒಂಬತ್ತು ಸಲ ಹತ್ತಿದೆ ಮೇಡಂ. ಇಪ್ಪತ್ತನೇ ಮಹಡಿ ದಾಟೋ ಅಷ್ಟ್ರಲ್ಲಿ ಬಿದ್ದೋಗ್ತೀನಿ. ಯಾವ ಮುಖ ಇಟ್ಕೊಂಡು ಮೆಟ್ಟಿಲಿಗೆ ಬರ್ಲಿ?”

ಅವಳು ಮತ್ತೆ ಪರದೆ ನೋಡಿದಳು. ಜೊತೆಗಾರ ಮಾನ್‌ಸ್ಟರಿನ ಹೆಸರು ‘ಮೇಡಂ’ ಎಂದಿತ್ತು. ಲೆವೆಲ್ ನಲವತ್ತೊಂದು.

“ಇವಳು ನಲವತ್ತೊಂದು, ನೀವು ಹತ್ತೊಂಬತ್ತು. ಹೇಗೆ?”

“ಶಕ್ತಿ ಬರೋ ಹಣ್ಣು ಸಿಕ್ಕಿದ್ದೆಲ್ಲ ಅವಳಿಗೇ ಕೊಟ್ಟೆ.”

“ಮತ್ತೆ ಮುಂದೆ ನಿಂತು ಹೊಡೆದಾಡೋದು ಯಾರು?”

“ನಾನೇ. ಅವಳನ್ನ ಹಿಂದೆ ಇಟ್ಕೊತೀನಿ.”

“ಅಯ್ಯೋ ದೇವರೇ!” ಅವಳು ಹಣೆ ಚಚ್ಚಿಕೊಂಡಳು. “ಆನೆಯಂಥವಳನ್ನ ಬೆನ್ನ ಹಿಂದೆ ಬಚ್ಚಿಟ್ಟು, ಇಲಿ ಹೋಗಿ ಯುದ್ಧಕ್ಕೆ ನಿಲ್ತೀರಾ? ಅವಳನ್ನ ಮುಂದೆ ಬಿಡಿ!”

“ಅವಳಿಗೆ ಏಟು ಬೀಳತ್ತೆ.”

ಇಂಥ ಪೆದ್ದನನ್ನು ಏನು ಮಾಡಬೇಕು? ಅವಳು ಮೇಲಕ್ಕೆ ಫೋನ್ ಮಾಡಿ, “ಕಣ್ಣು ಪರೀಕ್ಷೆ ಮಾಡಿಸ್ಕೊತಿದ್ದೀನಿ, ತಡ ಆಗತ್ತೆ,” ಎಂದು ಸುಳ್ಳು ಹೇಳಿದಳು. ಸ್ಟೂಲ್ ಎಳೆದು ಅವನ ಪಕ್ಕ ಕೂತಳು. ಇನ್ನೊಂದೇ ಪ್ರಯತ್ನ ಉಳಿದಿತ್ತು.

“ಆಡಿ. ನಾನು ಹೇಳಿದ ಹಾಗೆ.”

‘ಮೇಡಂ’ ಮುಂದೆ ನಡೆದಳು. ಹತ್ತನೇ ಮಹಡಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ದಾಟಿತು. ಇಪ್ಪತ್ತು. ಇಪ್ಪತ್ತೈದು. ಅವನ ಮೊಣಕೈ ಅವಳ ಮೊಣಕೈಗೆ ತಾಗಿತು, ಇಬ್ಬರೂ ತೆಗೆಯಲಿಲ್ಲ.

“ಎಷ್ಟು ಚೆನ್ನಾಗಿ ಹೊಡೀತಾಳಲ್ಲ ಇವಳು,” ಎಂದು ಅವನು ಬೆರಗಾದ.

“ಪರದೆ ನೋಡಿ, ನನ್ನನ್ನಲ್ಲ.”

ಮೂವತ್ತು. ಮೂವತ್ತೈದು. ಗಡಿಯಾರದಲ್ಲಿ ಮೂರೂಕಾಲು. ಮೂವತ್ತೇಳನೇ ಮಹಡಿಯಲ್ಲಿ ಮೂರು ಮಾನ್‌ಸ್ಟರ್‌ಗಳು ಒಟ್ಟಿಗೆ ಮುತ್ತಿದವು. ‘ಮೇಡಂ’ಗೆ ಒಂದು ಏಟು ಬಿತ್ತು. ಇನ್ನೊಂದು. ಶಕ್ತಿಯ ಪಟ್ಟಿ ಅರ್ಧಕ್ಕಿಳಿಯಿತು.

“ಪರವಾಗಿಲ್ಲ, ತಡ್ಕೊತಾಳೆ, ಸುಮ್ನಿರಿ... ಬೇಡ! ಬೇಡ ಅಂದೆ!”

ಅವನ ಬೆರಳು ಕೇಳಲಿಲ್ಲ. ಹತ್ತೊಂಬತ್ತನೇ ಲೆವೆಲ್ಲಿನ ಬಡಪಾಯಿ ಜಾಗ ಬದಲಿಸಿ ಮುಂದೆ ಬಂದು ನಿಂತಿತು. ಒಂದೇ ಏಟು. ಪರದೆ ಕಪ್ಪಾಯಿತು. ‘ಹತ್ತನೇ ಪ್ರಯತ್ನ ಮುಗಿಯಿತು. ಈ ಕೋಡ್ ಇನ್ನು ನಡೆಯುವುದಿಲ್ಲ.’

“ಅರ್ಧ ಶಕ್ತಿ ಇತ್ತು ಅವಳಿಗೆ!” ಅವಳು ಎದ್ದು ನಿಂತು ಕೂಗಿದಳು. “ಒಂದೇ ಒಂದು ಮಹಡಿ! ಯಾಕೆ ಅಡ್ಡ ಬಂದ್ರಿ?”

“ನೋಡೋಕೆ ಆಗ್ಲಿಲ್ಲ.”

“ಅವಳನ್ನ ಕಾಪಾಡಿ ಅಂತ ನಿಮಗೆ ಹೇಳಿದ್ದು ಯಾರು? ನೀವು ಅಡ್ಡ ಬಂದು ಬಿದ್ರೆ ಅವಳೇನು ಒಬ್ಬಳೇ ಗೆಲ್ತಾಳಾ? ಇಬ್ರೂ ಸೋಲ್ತಾರೆ. ಅವಳು ತಡ್ಕೊತಿದ್ಲು. ಅವಳನ್ನ ಒಂದು ಮಾತಾದ್ರೂ ಕೇಳಿ...”

ಅಷ್ಟಕ್ಕೆ ಅವಳು ಮಾತು ನಿಲ್ಲಿಸಿದಳು. ಅವನು ಎಂದಿನಂತೆ ಯಾವುದೋ ಲೆನ್ಸ್ ಎತ್ತಿಕೊಂಡು ಒರೆಸತೊಡಗಿದ್ದ. ಅದು ಆಗಲೇ ಸ್ವಚ್ಛವಾಗಿತ್ತು.

“ಅವತ್ತು ಹೋಗ್ಬಿಡಿ ಅಂದ್ರಲ್ಲ,” ಎಂದಳು, ದನಿ ತಗ್ಗಿಸಿ. “ಅದೂ ಇದೇನಾ?”

ಅವನು ಬಹಳ ಹೊತ್ತು ಒರೆಸಿದ.

“ನಾನು ಬೇಡ ಅಂದ್ರೆ ನಿಮಗೆ ಸಂಕಟ ಆಗತ್ತೆ. ದೊಡ್ಡ ಕೆಲಸ ಒಂದು ಕಡೆ, ನಾನೊಂದು ಕಡೆ. ಯಾಕೆ ಸುಮ್ನೆ ನಿಮಗೆ...”

“ಏಟು ಬೀಳತ್ತೆ ಅಂತ.”

“ಹೂಂ.”

“ಬೀಳ್ಲಿ. ಹೇಳಿ.”

ಅವನು ಲೆನ್ಸ್ ಕೆಳಗಿಟ್ಟ. ಮೊದಲ ಸಲ, ಜಾರಿಕೊಳ್ಳದೆ, ಅವಳ ಕಣ್ಣಲ್ಲಿ ಕಣ್ಣಿಟ್ಟ.

“ಹೋಗ್ಬೇಡಿ. ನನಗೆ ನೀವು ಬೇಕು. ಗೋಡೆ ಜೊತೆ ಗುದ್ದಾಡ್ತೀಯಲ್ಲೋ ಅಂತ ಬೈದ್ರಲ್ಲ, ಅವತ್ತಿಂದ. ನೀವು ಹೊರಟ್ರೆ ನಾನು ಚೆನ್ನಾಗಿರಲ್ಲ. ಇಷ್ಟೇ. ಇನ್ನು ನೀವೇನಾದ್ರೂ ಮಾಡಿ.”

ಅವಳಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ನುಂಗಿ ತನ್ನ ಡಬ್ಬಿ ತೆಗೆದು, ‘ಸೋತೆ’ ಒತ್ತಿದಳು. ಎರಡು ತಿಂಗಳು ಕೂಡಿಟ್ಟ ಚೀಲ ಒಂದು ಕ್ಷಣದಲ್ಲಿ ಬರಿದಾಯಿತು. ಇಷ್ಟು ದಿನ ಇದಕ್ಕೇ ಹೆದರಿದ್ದೆನೇ ಎಂದು ಅವಳಿಗೆ ಆಶ್ಚರ್ಯವಾಯಿತು.

“ಅಯ್ಯೋ, ಎಲ್ಲ ಹೋಯ್ತಲ್ಲ ಮೇಡಂ!”

“ಹೋಗ್ಲಿ. ನಾಳೆಯಿಂದ ಒಂದನೇ ಮಹಡಿ. ನೀವು ನನ್ನ ಹಿಂದೆ.”

“ಪಕ್ಕ ಆಗಲ್ವಾ?”

ಅವಳು ಅವನನ್ನು ಓರೆಗಣ್ಣಿನಿಂದ ಅಳೆದಳು. “ಲೆವೆಲ್ ಬರ್ಲಿ, ಆಮೇಲೆ ನೋಡೋಣ.”

ನಾಲ್ಕು ಹೊಡೆಯುವ ಮೊದಲೇ ಫೋನ್ ಬಂತು. ಯಜಮಾನರು. ಅವಳು ಅಲ್ಲೇ, ಅವನೆದುರಿಗೇ ಎತ್ತಿದಳು.

“ಬರಲ್ಲ ಸಾರ್... ಇಲ್ಲ ಸಾರ್, ಯೋಚನೆ ಮಾಡೇ ಹೇಳ್ತಿದ್ದೀನಿ. ಹಲ್ಲು ಮಾಡೋದು ಬಿಟ್ಟು ನನಗೆ ಇರೋಕಾಗಲ್ಲ.” ಅವನ ಮುಖ ನೋಡಿದಳು. “ಇನ್ನೊಂದು ಕಾರಣಾನೂ ಇದೆ. ಇಲ್ಲೊಬ್ಬರಿಗೆ ನಾನು ಬೇಕಂತೆ ಸಾರ್. ನನಗೂ ಅವರು ಬೇಕು.”

ಬಯ್ಯುತ್ತಾರೆಂದು ಅವಳು ಕಾದಳು.

“ಯಾರಮ್ಮ, ಆ ಕೆಳಗಿನ ಕನ್ನಡಕದವನಾ?” ಎಂದರು ಯಜಮಾನರು. “ಅಂತೂ ಬಾಯಿ ಬಿಟ್ಟನಾ?”