ಎರವಲು ಬಳೆ ತೊಟ್ಟ ದಿನ

“ಬಳಿ ಹಾಕ್ಕೊ ಅಂದ್ನೆಲ್ಲ! ಕಾಲೇಜಿನವರು ಬರಾಕತ್ತಾರ, ಬರೇ ಕೈಲೇ ನಿಂತು ನನ್ನ ಮಾನ ಕಳೀತಿ ಏನು?”

ಅತ್ತೆ ಗುಣವತಿಯ ಗದರಿಕೆಗೆ ಭವಾನಿ ಬಳೆ ತೊಟ್ಟುಕೊಂಡಳು. ನೆರೆಮನೆಯಿಂದ ತಂದ ಬಂಗಾರದ ಬಳೆ, ಬೆಳ್ಳಿ ಲೋಟ... ತೆಲುಗು ನಾಡಿನ ಕಾರ್ಖಾನೆ ಬಡಾವಣೆ ನಾಚಾರಂನ ಆ ಒಂದು ಕೋಣೆಯ ಮನೆಗೆ ಎಂಥ ಸಿಂಗಾರ! ಕಾರ್ಖಾನೆಯ ಯಂತ್ರಕ್ಕೆ ಕೈ ಸಿಕ್ಕು ಗಂಡ ತಿಪ್ಪೇಸ್ವಾಮಿ ಆಸ್ಪತ್ರೆ ಸೇರಿದ ಮೇಲೆ, ಮಗಳು ಮಂದಾರಳ ಪರೀಕ್ಷಾ ಶುಲ್ಕದ ಹಣವೆಲ್ಲ ಔಷಧಿಗೇ ಹೋಗಿತ್ತು. ಇಂಥ ಮಕ್ಕಳಿಗೆಂದೇ ಕಾಲೇಜಿನಲ್ಲಿ ತುರ್ತು ನೆರವಿನ ನಿಧಿಯಿತ್ತು; ಮಂದಾರ ಅರ್ಜಿ ಹಾಕಿದ್ದಳು. ಮನೆಯ ಸ್ಥಿತಿ ನೋಡಿಹೋಗಲು ಸುಹಾಸಿನಿ ಮೇಡಂ ಬರುವವರಿದ್ದರು. ‘ಅಜ್ಜೀ, ಅವರು ನಮ್ಮ ತೊಂದರಿ ನೋಡಾಕ ಬರೋದು’ ಎಂದು ಮಂದಾರ ಎಷ್ಟು ಹೇಳಿದರೂ ಮುದುಕಿ ಕೇಳಬೇಕಲ್ಲ! ಮನೆಗೆ ಬಂದವರ ಮುಂದೆ ಇಲ್ಲವೆಂದು ಅವಳು ಹುಟ್ಟಿದಾಗಿನಿಂದ ಹೇಳಿದವಳಲ್ಲ.

ರಾಯಚೂರು ಕಡೆಯವರಾದ ಮೇಡಂ ಬಂದು ಕೂತರು. ಗೋಡಂಬಿ ಹಾಕಿದ ಶಿರಾ, ಬೆಳ್ಳಿ ಲೋಟದಲ್ಲಿ ಹಾಲು!

“ನಮಗೇನ್ರಿ ಕಡಿಮಿ? ದೇವರು ಭಾಳ ಕೊಟ್ಟಾನ,” ಎಂದಳು ಗುಣವತಿ.

ಮೇಡಂ ಭವಾನಿಯ ಬಳೆ ನೋಡಿದರು, ಆಮೇಲೆ ಮಂದಾರಳನ್ನು ನೋಡಿದರು. ಅಬ್ಬಾ, ಆ ನೋಟ! ಹುಡುಗಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ಈ ನೆರವಿಗೆ ಬೇರೆ ಮಕ್ಕಳು ಕಾಯಾಕತ್ತಾರಮ್ಮ,” ಎನ್ನುತ್ತ ಮೇಡಂ ಎದ್ದರು.

ಭವಾನಿಗೆ ತಡೆಯಲಾಗಲಿಲ್ಲ. ಬಳೆಗಳನ್ನು ಕಿತ್ತು ತೆಗೆದಳು.

“ಇವು ನಮ್ಮವಲ್ರಿ! ಲೋಟಾನೂ ನಮ್ದಲ್ಲ! ನಾಳೆ ಶುಲ್ಕ ಕಟ್ಟದಿದ್ರ ಮಗಳ ವರ್ಷ ಹಾಳಾಗ್ತೈತ್ರಿ...”

“ಮಂದಾರ, ಅರ್ಜಿಯಾಗ ಒಂದು, ಮನಿಯಾಗ ಒಂದು. ಯಾವುದು ನಂಬಲಿ? ಈ ಸುಳ್ಳು ಯಾರ್ದು?” ಎಂದರು ಮೇಡಂ.

ಮಂದಾರ ಅಜ್ಜಿಯ ಹೆಸರೆತ್ತಲಿಲ್ಲ. ತುಟಿ ಕಚ್ಚಿ ಅತ್ತಳು, ಅಷ್ಟೇ.

ಆಗ ಗುಣವತಿ ಗೋಡೆ ಹಿಡಿದು ಎದ್ದಳು.

“ಸುಳ್ಳು ಹೇಳಿದಾಕಿ ನಾನ್ರಿ. ಬಳಿ ಬೇಡಿ ತಂದಾಕಿನೂ ನಾನ. ಹುಡುಗೀದು ತಪ್ಪಿಲ್ಲ... ನಮ್ಮ ಮನ್ಯಾಗ ಏನೂ ಇಲ್ರಿ, ಏನೂ ಇಲ್ಲ!”

ಮಗಳ ವಯಸ್ಸಿನ ಮೇಡಂ ಮುಂದೆ ಅವಳು ಕೈ ಮುಗಿದು ತಲೆ ತಗ್ಗಿಸಿದಳು.

“ಕೈ ಇಳಸ್ರೀ ಅಮ್ಮಾ,” ಎಂದರು ಮೇಡಂ. “ಮಂದಾರ, ಮುಂಜಾನೆ ಬಾ. ಶುಲ್ಕದ ವ್ಯವಸ್ಥಾ ಆಗ್ತೈತಿ.”

ಅತ್ತೆಯ ಈ ತಲೆ ಒಂದು ದಿನ ತಗ್ಗಲಿ ಎಂದು, ಬೈಗುಳ ತಿಂದು ತಿಂದು ಬೇಸತ್ತ ಭವಾನಿ ದೇವರಿಗೆ ಹರಕೆ ಹೊತ್ತದ್ದುಂಟು. ಇಂದು ತಗ್ಗಿತ್ತು... ನೋಡಲಾಗದೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.