ತೊಳೆಯಲು ಕೊಡದ ಬಾಟಲಿ

ಸೋಮವಾರ ಬೆಳಿಗ್ಗೆ 10.20ಕ್ಕೆ ಶಾಲೆಯ ಮುಖ್ಯೋಪಾಧ್ಯಾಯಿನಿ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ಆಸ್ಪತ್ರೆಯದು: ಮೂವತ್ತೊಂದು ಮಕ್ಕಳ ರಕ್ತದಲ್ಲಿ ಸೀಸ. ಇನ್ನೊಂದು ಪ್ರಯೋಗಾಲಯದ್ದು: ಶಾಲೆಯ ಕೊಳವೆಬಾವಿ ನೀರಿನಲ್ಲಿ ಸೀಸ ಪತ್ತೆಯಾಗಿಲ್ಲ.

“ನಾಲ್ಕು ಸಲ ನೀರು ಕಳಿಸಿದ್ದೀವಿ ಮೇಡಂ, ನಾಲ್ಕು ಸಲಾನೂ ಇದೇ ಉತ್ತರ. ಈ ಕಾಗದ ನಂಬ್ಕೊಂಡು ನನ್ನ ಕೈಯಾರೆ ಮಕ್ಕಳಿಗೆ ಕುಡಿಸಿದೆ. ಮಗ್ಗಿ ಪಟಪಟ ಹೇಳ್ತಿದ್ದ ಹುಡುಗಿ ಈಗ ಹೆಸರು ಬರೆಯೋಕೂ ತಡವರಿಸ್ತಾಳೆ.”

ಇನ್ಸ್‌ಪೆಕ್ಟರ್‌ಗೆ ಮೈ ಉರಿದುಹೋಯಿತು. 11.05ಕ್ಕೆ ಎಫ್‌ಐಆರ್ ದಾಖಲಿಸಿ, ಕೊಳವೆಬಾವಿಗೆ ಬೀಗ ಹಾಕಿಸಿ, ಪಂಚರ ಎದುರು ನೀರು ಸೀಲ್ ಮಾಡಿಸಿ ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದಳು. ಗುರುವಾರ ವರದಿ ಬಂತು. ಲೀಟರಿಗೆ ಹತ್ತು ಮೈಕ್ರೋಗ್ರಾಂ ಮೀರಬಾರದ ಸೀಸ ತೊಂಬತ್ತನ್ನೂ ದಾಟಿತ್ತು.

ಮಧ್ಯಾಹ್ನ 2.15ಕ್ಕೆ ಆಕೆ ಹೆಡ್ ಕಾನ್‌ಸ್ಟೆಬಲ್ ಜೊತೆ ಆ ‘ಪತ್ತೆಯಾಗಿಲ್ಲ’ದ ಪ್ರಯೋಗಾಲಯಕ್ಕೆ ಹೋದಳು. ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ತಾರೀಕಪ್ಪ ಎಂದೇ ಹೆಸರು. ಹೆಂಡತಿಯ ಹುಟ್ಟುಹಬ್ಬ ಬಿಟ್ಟು ಎಲ್ಲ ತಾರೀಕೂ ಅವನ ನಾಲಗೆ ತುದಿಯಲ್ಲಿತ್ತು. ಗುಣಮಟ್ಟ ವಿಭಾಗದ ಮುಖ್ಯಸ್ಥ ನಗುನಗುತ್ತಲೇ ಫೈಲು ಬಿಚ್ಚಿದ.

“ಇಲ್ಲಿ ನೊಣ ಕೂತ್ರೂ ರಿಜಿಸ್ಟರ್‌ನಲ್ಲಿ ಬರೀತೀವಿ ಮೇಡಂ.”

“ಫೈಲು ಬೇಡ. ಯಂತ್ರ ಹೊಡೆದ ಮೂಲ ಪ್ರಿಂಟು ಕೊಡಿ.”

ಅಲ್ಲಿನ ಪದ್ಧತಿ ಸರಳ. ಪಾತ್ರೆ ತಂದವರಿಗೆ ಎಣ್ಣೆ ತೂಗಿ ಕೊಡುವ ಅಂಗಡಿಯವನು ಮೊದಲು ಖಾಲಿ ಪಾತ್ರೆ ತೂಗುವ ಹಾಗೆ, ಯಂತ್ರಕ್ಕೆ ಮೊದಲು ಒಂದು ಬಾಟಲಿ ಶುದ್ಧ ನೀರು ಕೊಡುತ್ತಾರೆ. ಅದರಲ್ಲಿ ಏನು ಸಿಕ್ಕರೂ ಉಳಿದ ಮಾದರಿಗಳ ಅಂಕಿಯಿಂದ ಕಳೆಯುತ್ತಾರೆ. ತಾರೀಕಪ್ಪ ಪ್ರಿಂಟುಗಳ ಮೇಲೆ ಬೆರಳಾಡಿಸುತ್ತ ಹೋದ.

“ಮೇಡಂ, ಬೇರೆ ದಿನ ಶುದ್ಧ ನೀರಲ್ಲಿ ಸೊನ್ನೆ. ಸ್ಕೂಲ್ ನೀರು ಬಂದ ನಾಲ್ಕು ದಿನ ಮಾತ್ರ ತೊಂಬತ್ತರ ಮೇಲೆ. ಫೈಲಲ್ಲಿ ಆ ನಾಲ್ಕು ದಿನಾನೂ ಸೊನ್ನೆ ಅಂತ ಬರೆದಿದ್ದಾರೆ.”

“ಶುದ್ಧ ನೀರಿಗೆ ಸೀಸ ಎಲ್ಲಿಂದ ಬಂತು?” ಇನ್ಸ್‌ಪೆಕ್ಟರ್ ಕೇಳಿದಳು.

“ಬಾಟಲಿ ತೊಳೆಯೋ ಹೆಂಗಸು ಸರಿಯಾಗಿ ತೊಳೆದಿರಲ್ಲ.” ಮುಖ್ಯಸ್ಥ ಕಣ್ಣೆತ್ತಲಿಲ್ಲ.

ಕೈಕೆಳಗಿನವರ ತಲೆಗೆ ಕಟ್ಟುವುದೆಂದರೆ ಇಂಥವರಿಗೆ ಎಷ್ಟು ಸಲೀಸು! ಹಲ್ಲು ಕಚ್ಚಿಕೊಂಡೇ ಇನ್ಸ್‌ಪೆಕ್ಟರ್ ಹಿಂದಿನ ಕೋಣೆಗೆ ನಡೆದಳು. ತೊಳೆಯುವಾಕೆಯ ಬೆರಳುಗಳು ಆಸಿಡ್ಡಿಗೆ ಬಿರುಕು ಬಿಟ್ಟಿದ್ದವು.

“ನಾನಾ? ಇಪ್ಪತ್ತೆರಡು ವರ್ಷದಿಂದ ತೊಳೀತಿದೀನಿ ಕಣಮ್ಮ. ಆಸಿಡ್‌ನಲ್ಲಿ ನೆನೆಸಿ, ಮೂರು ಸಲ ಜಾಲಿಸಿ ಬೋರಲು ಹಾಕ್ತೀನಿ. ನೀಲಿ ಮುಚ್ಚಳದ ಬಾಟ್ಲಿ ಒಂದು ಮಾತ್ರ ನನ್ನ ಕೈಗೆ ಕೊಡಲ್ಲ. ಸಾಹೇಬ್ರೇ ಬೀರುವಲ್ಲಿ ಇಟ್ಕೊಂಡು ಐದು ತಿಂಗಳಾಯ್ತು.”

3.40ಕ್ಕೆ ಪಂಚನಾಮೆ ನಡೆಸಿ ಬೀರುವಿನಿಂದ ಬಾಟಲಿ ವಶಪಡಿಸಿಕೊಂಡರು. ಶಾಲೆಯ ಮುಂದಿನ ಮಾದರಿ ಬರುವ ದಿನ ಹತ್ತಿರವಿದ್ದುದರಿಂದ ಅದು ತುಂಬಿಯೇ ಇತ್ತು. ಮೇಲಿನ ಚೀಟಿಯಲ್ಲಿ ‘ಶುದ್ಧ ನೀರು’ ಎಂದಿತ್ತು. ಒಳಗಿದ್ದದ್ದು ಶಾಲೆಯ ಕೊಳವೆಬಾವಿಯದೇ ನೀರು ಎಂದು ಮುಂದಿನ ಸೋಮವಾರ ಬಂದ ವರದಿ ಹೇಳಿತು. ಶಾಲೆಯ ನೀರಿನ ಅಂಕಿಯಿಂದ ಶಾಲೆಯ ನೀರಿನದೇ ಅಂಕಿ ಕಳೆದರೆ ಉಳಿಯುವುದು ಸೊನ್ನೆ. ಅದೇ ಸಂಜೆ 5.10ಕ್ಕೆ ಮುಖ್ಯಸ್ಥನ ಬಂಧನವಾಯಿತು.

“ಯಾಕೆ?” ಇನ್ಸ್‌ಪೆಕ್ಟರ್ ಕೇಳಿದ್ದು ಅಷ್ಟೇ.

“ಏಳು ವರ್ಷದ ಹಿಂದೆ ನಿಜವಾಗ್ಲೂ ಒಂದು ಬಾಟಲಿ ಕೊಳಕಾಗಿತ್ತು ಮೇಡಂ, ನಾನು ಗಮನಿಸಲಿಲ್ಲ. ಇಲ್ಲದ ಸೀಸ ತೋರಿಸಿದ ತಪ್ಪು ಅಂಕಿಗೆ ಸಹಿ ಹಾಕಿಬಿಟ್ಟೆ. ಶಾಲೆ ಪಕ್ಕದ ಬ್ಯಾಟರಿ ಕಾರ್ಖಾನೆ ಎಂಟು ತಿಂಗಳು ಮುಚ್ಚಿತು. ನನ್ನ ತಮ್ಮ ಅಲ್ಲೇ ಕೆಲಸಕ್ಕಿದ್ದ. ಅವತ್ತಿನಿಂದ ಅವನು ನನ್ನ ಮನೆ ಹೊಸಿಲು ತುಳಿದಿಲ್ಲ. ಮತ್ತೆ ಆ ಕಾರ್ಖಾನೆ ಮುಚ್ಚಿಸೋ ಧೈರ್ಯ ನನಗಿರಲಿಲ್ಲ.”

“ಈ ಸಲಾನೂ ಅಂಕಿ ತಪ್ಪಿರಬಹುದು ಅಂದ್ಕೊಂಡ್ರಾ?”

“ಇಲ್ಲ. ಒಬ್ಬನೇ ಕೂತು ಮೂರು ಸಲ ಪರೀಕ್ಷೆ ಮಾಡಿದೆ. ಮೂರು ಸಲಾನೂ ಅಂಕಿ ಸರಿಯಾಗೇ ಇತ್ತು.”

ಇನ್ಸ್‌ಪೆಕ್ಟರ್ ಹೇಳಿಕೆಯನ್ನು ಬರೆದು ಸಹಿಗೆ ಕೊಟ್ಟಳು. ಆತ ಕನ್ನಡಕ ಸರಿಮಾಡಿಕೊಂಡು ಸಾಲುಸಾಲಾಗಿ ಓದಿದ. ಎರಡನೇ ಪುಟದಲ್ಲಿ ಬೆರಳು ನಿಂತಿತು.

“ಮೇಡಂ, ಇಲ್ಲಿ ಸೀಸ ತೊಂಬತ್ತು ಅಂತ ಬರೆದಿದ್ದೀರಿ. ತೊಂಬತ್ಮೂರು ಆಗಬೇಕು. ತಿದ್ದಿಕೊಡಿ, ಸಹಿ ಹಾಕ್ತೀನಿ.”